ಮಸ್ಟಾಂಗ್ ಜಿಟಿಗೆ ಹಿಂದೆ 305 ಟೈರ್: ರಿಮ್, ಆಫ್‌ಸೆಟ್, ಮುಂದಿನ ಅಳತೆ ಏನಿರಬೇಕು?

ಎಂಟುಸಿಲಿಂಡರ್:
ಗಾಡಿ 2018ರ ಮಸ್ಟಾಂಗ್ ಜಿಟಿ, ಪರ್ಫಾರ್ಮೆನ್ಸ್ ಪ್ಯಾಕ್. ಇರೋದು ಕಂಪನಿಯ ಚಕ್ರಗಳೇ. ಮುಂದೆ 19×9 (ರಿಮ್ಮಿನ ವ್ಯಾಸ×ಅಗಲ, ಇಂಚಿನಲ್ಲಿ), ಆಫ್‌ಸೆಟ್ 45 (ರಿಮ್ಮಿನ ನಡುಗೆರೆಯಿಂದ ಹಬ್‌ಗೆ ಕೂರುವ ಮುಖಕ್ಕಿರುವ ಅಂತರ, ಮಿ.ಮೀ.), ಟೈರ್ 255/40-19 (ಅಗಲ ಮಿ.ಮೀ./ಆ ಅಗಲದ ಶೇಕಡಾ ಎಷ್ಟು ಸೈಡ್‌ವಾಲ್ ಎತ್ತರ-ರಿಮ್ ಇಂಚು). ಹಿಂದೆ 19×9.5, ಆಫ್‌ಸೆಟ್ 52.5, ಟೈರ್ 275/40-19. ಸಸ್ಪೆನ್ಷನ್ ಮುಟ್ಟಿಲ್ಲ.

ಮೊದಲ ಎರಡು ಗೇರಿನಲ್ಲಿ ಸ್ವಲ್ಪ ಜೋರಾಗಿ ಆಕ್ಸಿಲರೇಟರ್ ಒತ್ತಿದರೂ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತೆ, ಟ್ರ್ಯಾಕ್ಷನ್ ಕಂಟ್ರೋಲ್ ದೀಪ ಮಿನುಗುತ್ತೆ. ಹಿಂದೆ 305/35-19 ಹಾಕೋ ಯೋಚನೆ ಇದೆ. ಈಗಿನ 9.5 ರಿಮ್ಮಿಗೇ 305 ಕೂರುತ್ತಾ? 11 ಇಂಚಿನ ರಿಮ್ ತಗೊಂಡರೆ ಆಫ್‌ಸೆಟ್ ಎಷ್ಟಿರಬೇಕು? ಮುಂದಿನದನ್ನು ಹಾಗೇ ಬಿಡಲಾ? ಟೈರ್ ಅಂಗಡಿಯವರು ಮುಂದೆ 275/40-19 ಹಾಕಿಸಿ ಅಂತಿದ್ದಾರೆ. ಫೆಂಡರ್ ಮಡಚೋದು, ಕತ್ತರಿಸೋದು ಬೇಡ. ಓಡಿಸೋದು ಹೆಚ್ಚಾಗಿ ರಸ್ತೆಯಲ್ಲೇ.

ಬ್ಯಾಕ್‌ಸ್ಪೇಸ್:
9.5 ರಿಮ್ಮಿಗೆ 305 ಬೇಡ. 305/35-19ಕ್ಕೆ ಟೈರ್ ಕಂಪನಿಗಳು ಒಪ್ಪುವ ರಿಮ್ ಅಗಲ ಸಾಮಾನ್ಯವಾಗಿ 10ರಿಂದ 11.5 ಇಂಚು. ಕಿರಿದಾದ ರಿಮ್ಮಿಗೆ ಬಲವಂತವಾಗಿ ಕೂರಿಸಿದರೆ ಸೈಡ್‌ವಾಲ್ ಬಲೂನಿನಂತೆ ಉಬ್ಬುತ್ತೆ, ಟ್ರೆಡ್ಡಿನ ನಡುಭಾಗ ಮೇಲೆದ್ದು ಅಂಚುಗಳು ನೆಲಕ್ಕೆ ಸರಿಯಾಗಿ ಒತ್ತಲ್ಲ. ತಿರುವಿನಲ್ಲಿ ಗಾಡಿ ಒಂದು ಕ್ಷಣ ತಡವಾಗಿ ತಿರುಗಿದ ಹಾಗೆ ಅನ್ನಿಸುತ್ತೆ. ಅಗಲಕ್ಕೆ ದುಡ್ಡು ಕೊಟ್ಟು ಅಗಲವನ್ನೇ ಬಳಸದಿದ್ದ ಹಾಗೆ.

ಇನ್ನು ಆಫ್‌ಸೆಟ್. ಚಕ್ರ ಹಬ್ಬಿಗೆ (ಚಕ್ರ ಬಿಗಿಯುವ ಆಕ್ಸಲ್ ತುದಿಗೆ) ಕೂರುವ ಮುಖದಿಂದ ಒಳಕ್ಕೆಷ್ಟು, ಹೊರಕ್ಕೆಷ್ಟು ಅಂತ ಬೇರೆಬೇರೆ ಲೆಕ್ಕ ಹಾಕಿ. ರಿಮ್ ಅಗಲದ ಅರ್ಧಕ್ಕೆ ಆಫ್‌ಸೆಟ್ ಕೂಡಿದರೆ ಒಳಬದಿ, ಕಳೆದರೆ ಹೊರಬದಿ.

ಈಗಿನ 19×9.5, ಆಫ್‌ಸೆಟ್ 52.5: ಒಳಗೆ 173.2, ಹೊರಗೆ 68.2 ಮಿ.ಮೀ.
19×11, ಆಫ್‌ಸೆಟ್ 50: ಒಳಗೆ 189.7, ಹೊರಗೆ 89.7 ಮಿ.ಮೀ.

ಅಂದರೆ ಒಳಗೆ 16.5, ಹೊರಗೆ 21.5 ಮಿ.ಮೀ. ಹೆಚ್ಚು. ಎಸ್550, ಅಂದರೆ ನಿಮ್ಮ ಪೀಳಿಗೆಯ ಮಸ್ಟಾಂಗಿನ ಹಿಂದೆ ಇಷ್ಟು ಜಾಗ ಇದೆ. ಶೆಲ್ಬಿ ಜಿಟಿ350ಗೆ ಫೋರ್ಡೇ ಹಿಂದೆ 19×11 ರಿಮ್ ಮೇಲೆ 305/35-19 ಕೊಟ್ಟಿತ್ತು. ಆದರೆ ಅದರ ಮುಂದಿನ ಚಕ್ರವನ್ನು ಕಣ್ಣು ಮುಚ್ಚಿ ನಕಲು ಮಾಡಬೇಡಿ, ಆ ಗಾಡಿಯ ಮುಂದಿನ ಫೆಂಡರ್ ನಿಮ್ಮದಕ್ಕಿಂತ ಅಗಲ. ಹಿಂದಕ್ಕೆ ಆಫ್‌ಸೆಟ್ 50–52ರ ಆಸುಪಾಸಿನಲ್ಲೇ ಇರಿ. 'ತುಂಬಿದ ಹಾಗೆ ಕಾಣಲಿ' ಅಂತ 35 ತಗೊಂಡರೆ ಹೊರಗೆ ಇನ್ನೂ 15 ಮಿ.ಮೀ. ಬರುತ್ತೆ. ಡಿಕ್ಕಿ ತುಂಬಿಸಿ ಉಬ್ಬು ದಾಟುವಾಗ ಫೆಂಡರ್ ಅಂಚು ಟೈರನ್ನು ಕೆರೆಯುತ್ತೆ.

ಒಂದು ಮಾತು. 305 ಅನ್ನೋದು ಸೈಡ್‌ವಾಲಿನ ಉಬ್ಬಿನ ಅಗಲ, ಟ್ರೆಡ್ಡಿನದಲ್ಲ. ರಿಮ್ ಅರ್ಧ ಇಂಚು ಹೆಚ್ಚಾದರೆ ಆ ಉಬ್ಬು ಸುಮಾರು 5 ಮಿ.ಮೀ. ಬೆಳೆಯುತ್ತೆ. ಅದೇ 305 ಒಂದು ಬ್ರ್ಯಾಂಡಿನಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ. ತಗೊಳ್ಳುವ ಮುಂಚೆ ಆ ಮಾಡೆಲ್ಲಿನ ತಾಂತ್ರಿಕ ಹಾಳೆಯಲ್ಲಿ ಸೆಕ್ಷನ್ ಅಗಲ, ಟ್ರೆಡ್ ಅಗಲ ಎರಡನ್ನೂ ನೋಡಿ.

ಸ್ಲಿಪ್‌ಆಂಗಲ್:
ಹಿಂದಿನದು ಸರಿ. ನಿಜವಾದ ಎಡವಟ್ಟಾಗೋದು ಮುಂದೆ.

ಅಂಗಡಿಯವರು ಹೇಳಿದ 275/40-19 ಬೇಡ. ಎತ್ತರ ನೋಡಿ:

255/40-19: 686.6 ಮಿ.ಮೀ. (ಈಗ ಮುಂದೆ)
275/40-19: 702.6 (ಈಗ ಹಿಂದೆ)
285/35-19: 682.1
305/35-19: 696.1

ಕಂಪನಿಯ ಜೋಡಣೆಯಲ್ಲಿ ಹಿಂದಿನ ಟೈರ್ ಮುಂದಿನದಕ್ಕಿಂತ 2.3% ಎತ್ತರ. ಮುಂದೆ 275/40, ಹಿಂದೆ 305/35 ಹಾಕಿದರೆ ಹಿಂದಿನದೇ ಗಿಡ್ಡ ಆಗುತ್ತೆ. ಗಿಡ್ಡ ಟೈರ್ ಅದೇ ವೇಗಕ್ಕೆ ಹೆಚ್ಚು ಸುತ್ತು ತಿರುಗುತ್ತೆ. ಎಬಿಎಸ್ ಸೆನ್ಸರಿಗೆ ಕಾಣೋದು 'ಹಿಂದಿನ ಚಕ್ರ ಮುಂದಿನದಕ್ಕಿಂತ ಜೋರು'. ಟ್ರ್ಯಾಕ್ಷನ್ ಕಂಟ್ರೋಲ್ ಜಾರುವಿಕೆ ಅಂತ ಗುರುತಿಸೋದೂ ಇದನ್ನೇ. ಒಟ್ಟು 3%ಗಿಂತ ಹೆಚ್ಚು ಪಲ್ಲಟ, ಅದೂ ತಪ್ಪು ದಿಕ್ಕಿನಲ್ಲಿ. ನೀವು ಯಾವ ದೀಪ ಆರಿಸೋಕೆ ಹೊರಟಿದ್ದೀರೋ ಅದೇ ಇನ್ನೂ ಬೇಗ ಹತ್ತಬಹುದು.

ಮುಂದೆ 285/35-19, ಹಿಂದೆ 305/35-19 ಹಾಕಿದರೆ ಹಿಂದಿನದು 2% ಎತ್ತರ. ಹೆಚ್ಚು ಕಡಿಮೆ ಕಂಪನಿಯ ಲೆಕ್ಕವೇ. ಹಿಂದಿನ ಎತ್ತರ ಈಗಿನದಕ್ಕಿಂತ 0.9% ಕಡಿಮೆ, ಸ್ಪೀಡೋಮೀಟರಿನಲ್ಲಿ ಇದು ಲೆಕ್ಕಕ್ಕೇ ಬರಲ್ಲ.

255 ಹಾಗೇ ಬಿಟ್ಟು ಹಿಂದೆ ಮಾತ್ರ 305 ಮಾಡಿದರೆ ಅಗಲದ ವ್ಯತ್ಯಾಸ 20ರಿಂದ 50 ಮಿ.ಮೀ.ಗೆ ಹಾರುತ್ತೆ. ಹಿಂದೆ ಹಿಡಿತ ಜಾಸ್ತಿ, ಮುಂದೆ ಇದ್ದಷ್ಟೇ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಮೂಗು ನೇರಕ್ಕೆ ತಳ್ಳಿಕೊಂಡು ಹೋಗುತ್ತೆ. ಈ ಗಾಡಿಗೆ ಅಂಡರ್‌ಸ್ಟೀರ್ ಚಟ ಮೊದಲೇ ಇದೆ. 285 ಕೂರಿಸೋಕೆ ಮುಂದೆ 19×10, ಆಫ್‌ಸೆಟ್ 40 ನೋಡಿ: ಒಳಗೆ 7.7, ಹೊರಗೆ 17.7 ಮಿ.ಮೀ. ಹೆಚ್ಚಾಗುತ್ತೆ.

ನಾಲ್ಕೂಒಂದೇ:
ಇಷ್ಟೆಲ್ಲ ಯಾಕೆ? ನಾಲ್ಕಕ್ಕೂ 19×10, ಆಫ್‌ಸೆಟ್ 40, 285/35-19. ಬೇಸ್ ಜಿಟಿಯಲ್ಲಿ ನಾಲ್ಕೂ 235/50-18 ಬರ್ತಿತ್ತು, ಹಾಗಾಗಿ ಎಲ್ಲ ಒಂದೇ ಎತ್ತರ ಇದ್ದರೂ ಈ ಗಾಡಿ ಓಡುತ್ತೆ. ಡಾಡ್ಜ್ ಚಾಲೆಂಜರ್ ವೈಡ್‌ಬಾಡಿಗೂ ನಾಲ್ಕೂ 20×11, 305/35-20. ಲಾಭ ಏನಂದ್ರೆ ಟೈರ್ ಹಿಂದುಮುಂದು ಬದಲಿಸಬಹುದು. ಸ್ಟ್ಯಾಗರ್ಡ್ (ಹಿಂದೆ-ಮುಂದೆ ಬೇರೆ ಅಳತೆ) ಮಾಡಿದರೆ ಎಡ-ಬಲ ಮಾತ್ರ. ಅದರ ಮೇಲೆ ಡೈರೆಕ್ಷನಲ್ ಟ್ರೆಡ್ (ಒಂದೇ ದಿಕ್ಕಿಗೆ ತಿರುಗಬೇಕಾದ ವಿನ್ಯಾಸ) ತಗೊಂಡರೆ ರಿಮ್ಮಿನಿಂದ ಕಳಚದೆ ಅದೂ ಆಗಲ್ಲ, ಹಿಂದಿನ ಜೋಡಿ ಸವೆದ ಹಾಗೆ ಎಸೆಯುತ್ತಾ ಹೋಗಬೇಕು.

ಇನ್ನೊಂದು, ಅಗಲಕ್ಕಿಂತ ಮೊದಲು ಈಗಿನ ಟೈರ್ ನೋಡಿ. ಸೈಡ್‌ವಾಲಿನಲ್ಲಿ ಡಾಟ್ (DOT) ಸಂಕೇತದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2318 ಅಂದರೆ 2018ರ 23ನೇ ವಾರ. ಕಂಪನಿಯಿಂದ ಬಂದ ಟೈರೇ ಇನ್ನೂ ಇದ್ದರೆ ರಬ್ಬರ್ ಗಟ್ಟಿಯಾಗಿರುತ್ತೆ. ಅದೇ 275ರಲ್ಲಿ ಒಳ್ಳೆಯ ಸಮ್ಮರ್ ಕಾಂಪೌಂಡ್ ಹಾಕಿದರೆ ಸಿಗೋ ಹಿಡಿತ, ಗಟ್ಟಿ ರಬ್ಬರಿನ 305ರಲ್ಲಿ ಸಿಗಲ್ಲ.

ಸ್ಲಿಪ್‌ಆಂಗಲ್:
ರಬ್ಬರ್ ವಿಷಯ ನೂರಕ್ಕೆ ನೂರು ಸರಿ. ನಾಲ್ಕೂ ಒಂದೇ ಅಳತೆ ಟ್ರ್ಯಾಕಿಗೆ ಒಳ್ಳೆಯದು, ಒಪ್ಪುತ್ತೇನೆ. ಆದರೆ ಇವರ ತಕರಾರು ತಿರುವಿನದಲ್ಲ, ಮೊದಲೆರಡು ಗೇರಿನದು. ಅಲ್ಲಿ 285ಕ್ಕಿಂತ 305 ಮೇಲು. ಮಳೆಯಲ್ಲಿ ಮಾತ್ರ ಇದು ತಿರುಗುಬಾಣ: ಅಗಲದ ಟೈರಿನ ನೆಲಗುರುತು ಉದ್ದ ಕಡಿಮೆ, ಅಡ್ಡ ಜಾಸ್ತಿ, ಹಾಗಾಗಿ ನೀರಿನ ಮೇಲೆ ತೇಲೋದು ಬೇಗ. ಸಮ್ಮರ್ ಕಾಂಪೌಂಡ್ 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ ಅನ್ನೋದೂ ನೆನಪಿರಲಿ.

ಎಂಟುಸಿಲಿಂಡರ್:
ನೋಡಿದೆ, ಕೊನೆಯ ಅಂಕಿಗಳು 0618. ಕಂಪನಿಯದ್ದೇ! ಹೇಗೂ ಬದಲಾಯಿಸಬೇಕು, 285/305 ಮಾಡುತ್ತೇನೆ. ಕೂರಿಸುವಾಗ ಏನು ನೋಡಬೇಕು? ಅಕಸ್ಮಾತ್ ಒಳಗೆ ತಾಗಿದರೆ 5 ಮಿ.ಮೀ. ಸ್ಪೇಸರ್ (ಹಬ್ ಮತ್ತು ರಿಮ್ ನಡುವೆ ಇಡುವ ಬಿಲ್ಲೆ) ಹಾಕಬಹುದಾ?

ಟಾರ್ಕ್‌ರೆಂಚ್:
ಮೊದಲು ಟೈರ್ ಇಲ್ಲದೆ ಬರೀ ರಿಮ್ ಕಟ್ಟಿ ನೋಡಿ. ಪರ್ಫಾರ್ಮೆನ್ಸ್ ಪ್ಯಾಕಿನ ಮುಂದಿನ ಬ್ರೆಂಬೋ ಕ್ಯಾಲಿಪರ್ ದೊಡ್ಡದು. ಕಡ್ಡಿಗಳ ಒಳಮುಖಕ್ಕೂ ಕ್ಯಾಲಿಪರಿಗೂ ಕನಿಷ್ಠ 3 ಮಿ.ಮೀ. ಅಂತರ ಬೇಕು. ಟೈರ್ ಹತ್ತಿಸಿದ ಮೇಲೆ ಯಾವ ಅಂಗಡಿಯೂ ವಾಪಸ್ ತಗೊಳ್ಳಲ್ಲ.

ಹಬ್ಬಿನ ನಡುವಿನ ಉಬ್ಬು 70.5 ಮಿ.ಮೀ. ಹೊಸ ರಿಮ್ಮಿನ ರಂಧ್ರ ಅದಕ್ಕಿಂತ ದೊಡ್ಡದಿದ್ದರೆ ಅಂತರ ತುಂಬುವ ಹಬ್ ರಿಂಗ್ ಹಾಕಲೇಬೇಕು. ಇಲ್ಲದಿದ್ದರೆ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂತು ಗಂಟೆಗೆ 100 ಕಿ.ಮೀ. ವೇಗದ ಆಸುಪಾಸಿನಲ್ಲಿ ಸ್ಟೀರಿಂಗ್ ನಡುಗುತ್ತೆ, ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ಹೋಗಲ್ಲ. ಹಬ್ಬಿನ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆಯಿರಿ. ನಟ್ 14×1.5 (ಸ್ಟಡ್ಡಿನ ದಪ್ಪ 14, ಎಳೆಗಳ ಅಂತರ ಅಂದರೆ ಪಿಚ್ 1.5 ಮಿ.ಮೀ.), ರಿಮ್ಮಿನ ಸೀಟಿಗೆ ಹೊಂದುವ ಆಕಾರದ್ದೇ ಇರಲಿ. ನಕ್ಷತ್ರದ ಕ್ರಮದಲ್ಲಿ, ಎರಡು ಹಂತದಲ್ಲಿ, 204 ನ್ಯೂಟನ್ ಮೀಟರ್. 80ರಿಂದ 160 ಕಿ.ಮೀ. ಓಡಿದ ಮೇಲೆ ಮತ್ತೆ ಟಾರ್ಕ್ ನೋಡಿ. ಹೊಸ ರಿಮ್ಮಿನ ಬಣ್ಣ ಒತ್ತಿಕೊಂಡು ನಟ್ ಸಡಿಲವಾಗೋದು ಮಾಮೂಲು.

ಸ್ಪೇಸರ್ ಬೇಡ, ಸರಿಯಾದ ಆಫ್‌ಸೆಟ್ಟೇ ತಗೊಳ್ಳಿ. ಹಾಕಲೇಬೇಕಾಗಿ ಬಂದರೆ ನಟ್ ಎಷ್ಟು ಸುತ್ತು ಹಿಡಿಯುತ್ತೆ ಅಂತ ಕೈಯಲ್ಲೇ ತಿರುಗಿಸಿ ಎಣಿಸಿ. ಸ್ಟಡ್ಡಿನ ದಪ್ಪದಷ್ಟು, ಅಂದರೆ 14 ಮಿ.ಮೀ., ಹಿಡಿಯಬೇಕು. 1.5 ಪಿಚ್ಚಿಗೆ ಅದು ಒಂಬತ್ತು ಸುತ್ತಿಗಿಂತ ಸ್ವಲ್ಪ ಹೆಚ್ಚು. ಕಡಿಮೆ ಬಂದರೆ ಉದ್ದದ ಸ್ಟಡ್ ಹಾಕಿಸಿ, ಇಲ್ಲವೇ ಆ ಯೋಚನೆ ಬಿಡಿ.

ತಾಗುತ್ತಾ ಅಂತ ನೋಡೋಕೆ ಸಮತಟ್ಟು ನೆಲ ಸಾಲದು. ಒಂದು ಹಿಂದಿನ ಚಕ್ರವನ್ನೂ ಅದರ ಕರ್ಣದ ಮುಂದಿನ ಚಕ್ರವನ್ನೂ 10 ಸೆಂ.ಮೀ. ಎತ್ತರದ ರ‍್ಯಾಂಪಿನ ಮೇಲೆ ಹತ್ತಿಸಿ. ಆ ಎರಡು ಮೂಲೆಯ ಸ್ಪ್ರಿಂಗ್ ಚೆನ್ನಾಗಿ ಅದುಮುತ್ತೆ. ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ಟಾರ್ಚ್ ಹಿಡಿದು ಮುಂದೆ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಕಂಬ) ಮತ್ತು ಲೈನರ್ (ಫೆಂಡರ್ ಒಳಗಿನ ಹೊದಿಕೆ), ಹಿಂದೆ ಟೈರಿನ ಒಳಭುಜ ಮತ್ತು ಫೆಂಡರ್ ಅಂಚು ನೋಡಿ. ಲೈನರಿಗೆ ಸೀಮೆಸುಣ್ಣ ಬಳಿದು ಒಂದು ಸುತ್ತು ಓಡಿಸಿದರೆ, ಎಲ್ಲಿ ಅಳಿಸಿದೆಯೋ ಅಲ್ಲಿ ಟೈರ್ ತಾಗಿದೆ ಅಂತ ಅರ್ಥ.

ಹಿಂದಿನ ಎರಡು ಟೈರ್ ಯಾವಾಗಲೂ ಜೊತೆಯಾಗೇ ಬದಲಿಸಿ. ಒಂದು ಹೊಸದು, ಒಂದು ಸವೆದದ್ದು ಆದರೆ ಎತ್ತರ ಬೇರೆಯಾಗಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ಲಿನ (ಎರಡು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಭಾಗದ) ಒಳಭಾಗಗಳು ನೇರ ರಸ್ತೆಯಲ್ಲೂ ಉಜ್ಜುತ್ತಲೇ ಇರುತ್ತವೆ.

ಹಳೇಕಬ್ಬಿಣ:
ಇಲ್ಲೇ ಕೇಳಿಬಿಡ್ತೀನಿ. 1969ರ ಕ್ಯಾಮರೋಗೂ ಇದೇ ಲೆಕ್ಕವಾ? ಹೊಸ ಕ್ಯಾಮರೋದ 5×120 ಚಕ್ರ (ಐದು ನಟ್, ಅವು ಕೂರುವ ವೃತ್ತದ ವ್ಯಾಸ 120 ಮಿ.ಮೀ.) ಕಡಿಮೆಗೆ ಸಿಗ್ತಿದೆ.

ಬ್ಯಾಕ್‌ಸ್ಪೇಸ್:
ಒಳಗೆ-ಹೊರಗೆ ಲೆಕ್ಕ ಅದೇ, ಆದರೆ ಆ ಚಕ್ರ ತಗೋಬೇಡಿ ಸರ್. ನಿಮ್ಮ ಗಾಡಿಯ ನಟ್ ವೃತ್ತ 4.75 ಇಂಚು, ಅಂದರೆ 120.65 ಮಿ.ಮೀ. ಅರ್ಧ ಮಿ.ಮೀ. ಚಿಲ್ಲರೆ ತಾನೇ ಅಂತ ಬಿಗಿದರೆ ಕೂತ ಹಾಗೆ ಕಾಣುತ್ತೆ, ಆದರೆ ನಟ್ ಸೀಟಿನಲ್ಲಿ ನೇರ ಕೂರದೆ ಸ್ಟಡ್ ಬಾಗುತ್ತೆ. ಜೊತೆಗೆ ಹೊಸ ಚಕ್ರದ ಆಫ್‌ಸೆಟ್ಟೂ ಹಳೆಯ ಗಾಡಿಗೆ ಹೊಂದಲ್ಲ.

ನಿಮ್ಮ ಗಾಡಿಯಲ್ಲಿ ಇಡೀ ಆಕ್ಸಲ್ ಲೀಫ್ ಸ್ಪ್ರಿಂಗ್ ಮೇಲಿದೆ. ತಿರುವಿನಲ್ಲಿ ಅದು ಎಡಕ್ಕೂ ಬಲಕ್ಕೂ ಸರಿಯುತ್ತೆ, ಅದಕ್ಕೇ ಸ್ಪ್ರಿಂಗ್ ಕಡೆ, ಫೆಂಡರ್ ಕಡೆ ಎರಡರಲ್ಲೂ 15 ಮಿ.ಮೀ. ಆದರೂ ಬಿಡಿ. ಗಾಡಿಯನ್ನು ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಬಾಡಿ ಕೆಳಗೆ ಕೊಟ್ಟರೆ ಅಳತೆ ಸುಳ್ಳಾಗುತ್ತೆ. ಹಬ್ ಮುಖಕ್ಕೆ ನೇರವಾದ ಪಟ್ಟಿ ಹಿಡಿದು ಸ್ಪ್ರಿಂಗಿಗೆಷ್ಟು, ಫೆಂಡರ್ ಒಳ ಅಂಚಿಗೆಷ್ಟು ಅಂತ ಎಡ-ಬಲ ಎರಡೂ ಅಳೆಯಿರಿ. ಹಳೆಯ ಗಾಡಿಗಳಲ್ಲಿ ಎರಡೂ ಬದಿ ಒಂದೇ ಇರೋದು ಅಪರೂಪ, ಕಡಿಮೆ ಇರುವ ಬದಿಯ ಅಳತೆಗೇ ರಿಮ್ ಆರಿಸಿ. 275ಕ್ಕೆ ಹೋದರೆ ಅಂಚು ಮಡಚುವ ಕೆಲಸ ಬರೋ ಸಾಧ್ಯತೆಯೇ ಹೆಚ್ಚು. ಮಡಚುವ ಮುಂಚೆ ಹೀಟ್ ಗನ್‌ನಿಂದ ಬಣ್ಣ ಬಿಸಿ ಮಾಡಿ, ತಣ್ಣಗಿದ್ದಾಗ ಒತ್ತಿದರೆ ಬಣ್ಣ ಬಿರಿದು ಅಲ್ಲಿಂದಲೇ ತುಕ್ಕು ಶುರುವಾಗುತ್ತೆ.