ಅಜ್ಜಿಯ ಉಪ್ಪಿನಕಾಯಿ, ನನ್ನ ಅಕ್ಷರ, ದೊಡ್ಡಪ್ಪನ ಕೆಂಪು ಸುತ್ತು

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ಬೆಳಿಗ್ಗೆ ಶುರುವಾಗಿ ರಾತ್ರಿಯವರೆಗೂ ನಡೆದ ಚರ್ಚೆ ಇದು. ಎಲ್ಲರ ಒಪ್ಪಿಗೆ ಪಡೆದು ಇಲ್ಲಿ ಹಾಕುತ್ತಿದ್ದೇನೆ. ದೊಡ್ಡಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಅತ್ತೆ ಉಪನೋಂದಣಿ ಕಚೇರಿಯಲ್ಲಿ ಕೆಲಸ ಮಾಡಿದವರು. ಚಿಕ್ಕಪ್ಪ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. ಅಣ್ಣ ಎಡಗೈಯಲ್ಲಿ ಬರೆಯುವವನು.

ನಾನು: [ಚಿತ್ರ]
ಅಜ್ಜಿಯ ಮಿಡಿ ಉಪ್ಪಿನಕಾಯಿಯ ಅಳತೆಯನ್ನೆಲ್ಲ ಇಂಕ್ ಪೆನ್ನಿನಲ್ಲಿ ಬರೆದು ಮುಗಿಸಿದೆ. ಎಲ್ಲರ ಮನೆಗೂ ಒಂದೊಂದು ಪ್ರತಿ ಕೈಯಲ್ಲೇ ಬರೆದು ಕೊಡುತ್ತೇನೆ. ಈ ಅಕ್ಷರ ನನಗೆ ಈಗ ಒಗ್ಗಿದೆ. ಹೇಗಿದೆ ಹೇಳಿ.

ಅಣ್ಣ: ಚೆನ್ನಾಗಿದೆ. ಹಾಳೆಯಲ್ಲಿ ಒಂದು ಕಡೆಯೂ ಇಂಕ್ ಹರಡಿಲ್ಲ. ಯಾವ ಕಾಗದ?

ನಾನು: ಬಾಂಡ್ ಪೇಪರ್. ನೋಟ್‌ಬುಕ್ಕಿನ ಹಾಳೆಯಲ್ಲಿ ಪ್ರತಿ ಗೆರೆಗೂ ಬೇರು ಒಡೆದಂತೆ ಇಂಕ್ ಹಬ್ಬುತ್ತಿತ್ತು.

ದೊಡ್ಡಪ್ಪ: [ಚಿತ್ರ: ಅದೇ ಹಾಳೆ, ಹನ್ನೊಂದು ಕಡೆ ಕೆಂಪು ಸುತ್ತು]
ಮಗಳೇ, ಅಜ್ಜಿಯದನ್ನು ಬರೆದಿಟ್ಟದ್ದು ಸಂತೋಷ. ಆದರೆ ನಿನ್ನ ಅಕ್ಷರಕ್ಕೆ ಏನಾಯಿತು? ಶಾಲೆಯಲ್ಲಿದ್ದಾಗ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದೆ. ನಾಲ್ಕನೆಯ ಸಾಲಿನ "ಹರಳುಪ್ಪು" ನೋಡು. "ರ"ದ ತಲೆಕಟ್ಟನ್ನು ಹಾಗೆಯೇ ಎಳೆದು "ಳು"ವಿಗೆ ಕಟ್ಟಿದ್ದೀಯ. ಪಕಾರದ ಒತ್ತು ಕೆಳಗಿನ ಸಾಲಿನ "ಮೆಂತ್ಯ"ದ ಏತ್ವಕ್ಕೆ ತಾಗುತ್ತಿದೆ. ಎಲ್ಲ ಅಕ್ಷರಗಳೂ ಬಲಕ್ಕೆ ವಾಲಿವೆ. ಕನ್ನಡ ಅಕ್ಷರ ನೆಟ್ಟಗೆ ಕೂರಬೇಕು.

ನಾನು: ದೊಡ್ಡಪ್ಪ, ವಾಲಿಸಬೇಕೆಂದು ವಾಲಿಸಿದ್ದಲ್ಲ. ಬಾಲ್ ಪೆನ್ನಿನಲ್ಲಿ ಬರೆಯುವಾಗ ಅದೆಷ್ಟು ಒತ್ತುತ್ತಿದ್ದೆ ಎಂದರೆ ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿದರೆ ಅಕ್ಷರ ಕೈಗೆ ಸಿಗುತ್ತಿತ್ತು. ಬಾಲ್ ಪೆನ್ನಿನ ಇಂಕ್ ಮಂದ. ಪುಟ್ಟ ಗುಂಡನ್ನು ಉರುಳಿಸಿ ಅದನ್ನು ಹೊರಗೆ ತರಬೇಕು, ಆದ್ದರಿಂದ ಒತ್ತಲೇಬೇಕು, ಪೆನ್ನನ್ನೂ ನೆಟ್ಟಗೆ ಹಿಡಿಯಬೇಕು. ಇಂಕ್ ಪೆನ್ನಿನಲ್ಲಿ ನಿಬ್ಬಿನ ಸೀಳು ಕಾಗದಕ್ಕೆ ತಾಗಿದರೆ ಸಾಕು, ಇಂಕ್ ತಾನಾಗಿ ಇಳಿಯುತ್ತದೆ. ಪೆನ್ನನ್ನು ಹಿಂದಕ್ಕೆ ಒರಗಿಸಿ ಹಿಡಿಯಬಹುದು. ಹಾಗೆ ಹಿಡಿದ ಮೇಲೆ ಬೆರಳು ಸಡಿಲವಾಯಿತು, ಮಣಿಕಟ್ಟು ಸಡಿಲವಾಯಿತು, ಅಕ್ಷರ ತಾನೇ ಒಂದು ಕಡೆಗೆ ವಾಲಿತು. ಶಾಲೆಯ ಆ ಮುತ್ತುಗಳನ್ನು ಬರೆಯುವಾಗ ಅರ್ಧ ಪುಟಕ್ಕೇ ಕೈ ನೋಯುತ್ತಿತ್ತು, ನಿಮಗೆ ಹೇಳಿರಲಿಲ್ಲ.

ದೊಡ್ಡಪ್ಪ: ಕೈ ನೋಯದ ಹಾಗೆ ಬರೆಯುವುದು ಬೇರೆ, ತಲೆಕಟ್ಟು ಬಿಡುವುದು ಬೇರೆ. ನಾವೂ ಇಂಕ್ ಪೆನ್ನಿನಲ್ಲೇ ಬರೆದವರು. ನಿಮ್ಮ ಅಜ್ಜನ ಕೈಯಲ್ಲಿದ್ದದ್ದು ಆಂಧ್ರದ ರಾಜಮಹೇಂದ್ರಿಯ ರತ್ನಂ ಪೆನ್ನು. ಗಾಂಧೀಜಿಯವರ ಸ್ವದೇಶಿ ಮಾತು ಕೇಳಿ 1932ರಲ್ಲಿ ಅಲ್ಲಿ ಪೆನ್ನು ಮಾಡಲು ಶುರು ಮಾಡಿದರು. 1935ರಲ್ಲಿ ಗಾಂಧೀಜಿ ಅದರಲ್ಲಿ ಬರೆದು ನೋಡಿ ಮೆಚ್ಚಿ ಕಾಗದವನ್ನೂ ಬರೆದರು. ಆ ಪೆನ್ನಿನಲ್ಲಿ ಅಜ್ಜ ಬರೆದ ಲೆಕ್ಕದ ಪುಸ್ತಕ ಈಗಲೂ ನನ್ನ ಬಳಿ ಇದೆ. ಒಂದು ಒತ್ತಕ್ಷರವೂ ಸಾಲು ಮೀರಿಲ್ಲ.

ಅತ್ತೆ: ಅಣ್ಣಯ್ಯ, ಆ ಪೆನ್ನಿನಲ್ಲಿ ಇಂಕ್ ತಳ ಕಂಡಾಗ ಕಕ್ಕುತ್ತಿತ್ತಲ್ಲ, ಅದನ್ನೂ ಹೇಳಿ. ಅಜ್ಜನ ಅಂಗಿಯ ಜೇಬು ನೀಲಿಯಾಗಿಯೇ ಇರುತ್ತಿತ್ತು.

ಚಿಕ್ಕಪ್ಪ: ಫಿಲ್ಲರ್‌ನಲ್ಲಿ ನೇರವಾಗಿ ಹೊಟ್ಟೆಗೆ ಇಂಕ್ ತುಂಬುವ ಪೆನ್ನುಗಳೆಲ್ಲ ಹಾಗೆಯೇ. ಇಂಕ್ ಕಡಿಮೆಯಾದಷ್ಟೂ ಒಳಗೆ ಗಾಳಿ ಹೆಚ್ಚು. ಕೈಯ ಬಿಸಿಗೆ ಗಾಳಿ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ. ಅರ್ಧಕ್ಕಿಂತ ಕೆಳಗೆ ಹೋಗುವ ಮೊದಲೇ ತುಂಬಿಕೊಂಡರೆ ತೊಂದರೆ ಇಲ್ಲ.

ಅತ್ತೆ: ಪುಟ್ಟಿ, ನನ್ನದು ಬೇರೆ ಪ್ರಶ್ನೆ. ಆರನೆಯ ಸಾಲಿನಲ್ಲಿ ಇರುವುದು ೩ ಪಾವೋ ೬ ಪಾವೋ?

ನಾನು: ಮೂರು, ಅತ್ತೆ.

ಅತ್ತೆ: ಅದು ಮೂರು ಎಂದು ನನಗೂ ಗೊತ್ತು. ಗೊತ್ತಾದದ್ದು ನಿನ್ನ ಅಕ್ಷರ ಓದಿ ಅಲ್ಲ, ಎಷ್ಟೋ ವರ್ಷ ಉಪ್ಪಿನಕಾಯಿ ಹಾಕಿ. ನಾಳೆ ನಿನ್ನ ತಂಗಿ ಈ ಹಾಳೆ ಹಿಡಿದು ಆರು ಪಾವು ಉಪ್ಪು ಸುರಿದರೆ ಒಂದು ಜಾಡಿ ಮಿಡಿ ಹೋಯಿತು.

ದೊಡ್ಡಪ್ಪ: ಇದನ್ನೇ ನಾನು ಹೇಳುತ್ತಿರುವುದು. ಅಕ್ಷರ ಓದುವವನ ಸ್ವತ್ತು. ಬರೆಯುವವನ ಇಷ್ಟಕ್ಕೆ ಅದನ್ನು ತಿದ್ದುವ ಹಕ್ಕಿಲ್ಲ. ಕಾಪಿ ಪುಸ್ತಕ ಇರುವುದು ಎಲ್ಲರ ೩ ಒಂದೇ ೩ ಆಗಿರಲಿ ಎಂದು.

ನಾನು: ಆದರೆ ದೊಡ್ಡಪ್ಪ, ಕಾಪಿ ಪುಸ್ತಕದ ೩ ಮತ್ತು ೬ ಅಕ್ಕಪಕ್ಕ ಇಟ್ಟು ನೋಡಿ. ಬಾಲ ಎತ್ತ ಹೋಗುತ್ತದೆ ಎನ್ನುವುದೊಂದೇ ವ್ಯತ್ಯಾಸ. ಅಚ್ಚಿನಲ್ಲಿ ಅದು ಸಾಕು, ಓಡುವ ಕೈಗೆ ಸಾಲದು. "ವು" ಮತ್ತು "ಮ" ಕೂಡ ಹಾಗೆಯೇ. ಕೊಂಬು ಬುಡದಿಂದ ಎದ್ದರೆ "ವು", ಹೆಗಲಿನಿಂದ ಎದ್ದರೆ "ಮ". ಬೇಗ ಬರೆದರೆ "ಪಾವು" ಹೋಗಿ "ಪಾಮ" ಆಗುತ್ತದೆ. ನಾನು "ವು" ಬರೆಯುವಾಗ ಕೊಂಬನ್ನು ಗೆರೆಯ ಕೆಳಗಿಳಿಸಿ ಮೇಲಕ್ಕೆ ತರುತ್ತೇನೆ, ಸುತ್ತು ಹಾಕಿದ್ದೀರಲ್ಲ, ಅದೇ. ಅದು ಅಂದಕ್ಕೆ ಮಾಡಿದ್ದಲ್ಲ. "ಮ" ಎಂದು ಓದಬಾರದು ಎಂದೇ ಮಾಡಿದ್ದು. ತನ್ನ ಕೈ ಎಲ್ಲಿ ತಪ್ಪುತ್ತದೆ ಎಂದು ತಿಳಿದವರು ಅಲ್ಲಿಗೆ ಬೇಕಾದ ಗುರುತನ್ನು ತಾವೇ ಮಾಡಿಕೊಳ್ಳುತ್ತಾರೆ. ಸ್ವಂತ ಅಕ್ಷರ ಎಂದು ನಾನು ಕರೆಯುವುದು ಅದನ್ನು.

ಅತ್ತೆ: "ಪಾವು" ಸರಿಯಾಗಿಯೇ ಓದಿದೆ. ೩ ಮಾತ್ರ ಆಗಲಿಲ್ಲ. ಕ್ರಯಪತ್ರದಲ್ಲಿ ಬರೆಸುವ ಹಾಗೆ ಅಂಕಿಯಲ್ಲೂ ಅಕ್ಷರದಲ್ಲೂ ಬರೆ. ೩ (ಮೂರು) ಪಾವು.

ನಾನು: ಬರೆಯುತ್ತೇನೆ, ಅತ್ತೆ. ಎಲ್ಲ ಪ್ರತಿಗಳಲ್ಲೂ.

ಚಿಕ್ಕಪ್ಪ: ಅಣ್ಣಯ್ಯ, ಇಲ್ಲಿಯ ಮಾತು ಒಂದು ಹೇಳುತ್ತೇನೆ. ಇಲ್ಲಿ ಪ್ರಾಥಮಿಕ ಶಾಲೆಯಲ್ಲೇ ಮಕ್ಕಳ ಕೈಗೆ ಇಂಕ್ ಪೆನ್ನು ಬರುತ್ತದೆ. ಬೆರಳು ಎಲ್ಲಿ ಕೂರಬೇಕೋ ಅಲ್ಲಿ ತಗ್ಗು ಮಾಡಿದ ಪೆನ್ನುಗಳು ಸಿಗುತ್ತವೆ. ಹೈಡೆಲ್‌ಬರ್ಗ್‌ನ ಲಾಮಿ ಕಂಪನಿ 1980ರಲ್ಲಿ ಮಕ್ಕಳಿಗೆಂದೇ ತಂದ ಸಫಾರಿ ಪೆನ್ನನ್ನು ಈಗ ದೊಡ್ಡವರೂ ಜೇಬಿಗೆ ಸಿಕ್ಕಿಸಿಕೊಳ್ಳುತ್ತಾರೆ. ಕೂಡಿಸಿ ಬರೆಯುವುದಕ್ಕೆ ಇಲ್ಲಿ ಒಂದೇ ಮಾದರಿ ಇಲ್ಲ. 1953ರದು ಒಂದು ಇದೆ, ಪೂರ್ವ ಜರ್ಮನಿಯಲ್ಲಿ 1968ರಲ್ಲಿ ಬಂದದ್ದು ಇನ್ನೊಂದು, ಆಮೇಲೆ ಸರಳ ಮಾಡಿದ್ದು ಮತ್ತೊಂದು. ಒಂದೊಂದು ರಾಜ್ಯದಲ್ಲಿ ಒಂದೊಂದು ನಡೆಯುತ್ತದೆ. ಯಾವ ಮಾದರಿಯಾದರೂ ಅದು ಹೊರಡುವ ಜಾಗ ಅಷ್ಟೇ. ಅಲ್ಲಿಂದ ಮಗು ತನ್ನದೇ ಕೈಬರಹಕ್ಕೆ ಬರಬೇಕು, ಓದಲು ಬರಬೇಕು, ಕೈ ಓಡಬೇಕು. ಶಿಕ್ಷಕರು ನೋಡುವುದು ಇವನ್ನು.

ದೊಡ್ಡಪ್ಪ: ಅವರ ಲಿಪಿಗೆ ಸಲ್ಲುತ್ತದೆ. ಅವರಿಗೆ ಒತ್ತಕ್ಷರ ಇಲ್ಲ. ಸಾಲಿನ ಮೇಲೆ ಒಂದೇ ಪಂಕ್ತಿಯಲ್ಲಿ ಓಡಿಕೊಂಡು ಹೋಗುತ್ತಾರೆ. "ಸ್ವಾತಂತ್ರ್ಯ" ಎಂದು ಬರೆಯುವಾಗ ನಮ್ಮ ಕೈ ಎಷ್ಟು ಸಲ ಕೆಳಗಿಳಿದು ಹತ್ತಬೇಕು ಎಂದು ಎಣಿಸು.

ಚಿಕ್ಕಪ್ಪ: ಅದು ನಿಜ. ಒಪ್ಪುತ್ತೇನೆ.

ನಾನು: ನಾನೂ ಒಪ್ಪುತ್ತೇನೆ. ಅದಕ್ಕೇ ನಿಬ್ಬು ಬದಲಿಸಿದ್ದು. ಮೊದಲು ತಂದದ್ದು ಯುರೋಪಿನ ಮೀಡಿಯಂ ನಿಬ್ಬು. ಇಂಗ್ಲಿಷ್ ಸೊಗಸಾಗಿ ಬರುತ್ತಿತ್ತು, ಕನ್ನಡ ಮುಚ್ಚಿಹೋಗುತ್ತಿತ್ತು. "ಥ"ದ ಹೊಟ್ಟೆಯೊಳಗಿನ ಚುಕ್ಕೆ ಕಾಣುತ್ತಿರಲಿಲ್ಲ, "ಧ" ಮತ್ತು "ದ" ಒಂದೇ ಆಗುತ್ತಿದ್ದವು, "ಷ್ಟ್ರ" ಬರೆದರೆ ಕೆಳಗೆ ಒಂದು ನೀಲಿ ಮುದ್ದೆ. ನಮ್ಮ ಲಿಪಿಯಲ್ಲಿ ದುಂಡು ಹೆಚ್ಚು, ದುಂಡಿನೊಳಗಿನ ಬಯಲು ಉಳಿದರೆ ಮಾತ್ರ ಓದಲು ಬರುತ್ತದೆ. ಆಮೇಲೆ ಜಪಾನಿನ ಫೈನ್ ನಿಬ್ಬು ತೆಗೆದುಕೊಂಡೆ. ಅವರ ಫೈನ್ ಯುರೋಪಿನ ಫೈನ್‌ಗಿಂತ ಸಣ್ಣ. ಅವರೂ ಸಣ್ಣ ಜಾಗದಲ್ಲಿ ಬಹಳ ಗೆರೆಗಳಿರುವ ಲಿಪಿ ಬರೆಯುವವರು. ಈಗ ಹಾಳೆಯನ್ನು ದೊಡ್ಡದು ಮಾಡಿ ನೋಡಿ, ಹನ್ನೆರಡನೆಯ ಸಾಲಿನ "ಉಷ್ಣ"ದಲ್ಲಿ ಣಕಾರದ ಒತ್ತಿನ ಸುರುಳಿ ಬಿಡಿಬಿಡಿಯಾಗಿ ಕಾಣುತ್ತದೆ.

ದೊಡ್ಡಪ್ಪ: ನೋಡಿದೆ. ಅದು ಚೆನ್ನಾಗಿದೆ. ಅದಕ್ಕೆ ಸುತ್ತು ಹಾಕಿಲ್ಲ.

ಅಣ್ಣ: ನಿಮ್ಮೆಲ್ಲರದೂ ಬಲಗೈಯವರ ಮಾತು. ನಿಮ್ಮ ಕೈ ಪೆನ್ನನ್ನು ಎಳೆದುಕೊಂಡು ಹೋಗುತ್ತದೆ, ನನ್ನ ಕೈ ತಳ್ಳಿಕೊಂಡು ಹೋಗಬೇಕು. ನಿಬ್ಬಿನ ತುದಿ ಕಾಗದವನ್ನು ಕೆರೆಯುತ್ತದೆ. ಬರೆದದ್ದರ ಮೇಲೆಯೇ ಅಂಗೈ ಸರಿಯುವುದರಿಂದ ಇಂಕ್ ಒಣಗುವ ಮೊದಲೇ ಒರೆಸಿಹೋಗುತ್ತದೆ. ಶಾಲೆಯಲ್ಲಿ ಇದಕ್ಕೆ ಸಿಕ್ಕಿದ್ದು ಗೆಣ್ಣಿಗೆ ಏಟು. ಬಲಗೈಯಲ್ಲಿ ಬರೆಸಲು ಎಲ್ಲರೂ ನೋಡಿದರು. ಕಾಗೆ ಕಾಲು ಗುಬ್ಬಿ ಕಾಲು ಎನ್ನಿಸಿಕೊಂಡು ಹತ್ತನೆಯ ತರಗತಿ ಮುಗಿಸಿದೆ. ಕಾಪಿ ಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸುವ ದಾರಿ ನನ್ನ ಕೈಗೆ ಆಗುವುದಿಲ್ಲ. ತಲೆಕಟ್ಟನ್ನು ನಾನು ಬಲದಿಂದ ಎಡಕ್ಕೆ ಎಳೆಯುತ್ತೇನೆ. ಓದುವವರಿಗೆ ಅದರಿಂದ ಏನು ಕಷ್ಟ?

ದೊಡ್ಡಪ್ಪ: ನಿನ್ನನ್ನು ಹೊಡೆದದ್ದು ತಪ್ಪು. ಅದನ್ನು ಆಗಲೂ ಹೇಳಿದ್ದೆ, ನಿಮ್ಮ ಅಪ್ಪನಿಗೆ ಗೊತ್ತು. ಯಾವ ಕೈಯಲ್ಲಿ ಬರೆದರೂ, ಎತ್ತ ಎಳೆದರೂ ನನ್ನ ತಕರಾರಿಲ್ಲ. ಹಾಳೆಯ ಮೇಲೆ ಉಳಿಯುವ ರೂಪ ಒಂದೇ ಇರಬೇಕು ಎನ್ನುತ್ತೇನೆ.

ಚಿಕ್ಕಪ್ಪ: ಎಡಗೈಯವರಿಗೆಂದೇ ಮಾಡಿದ ನಿಬ್ಬು ಇಲ್ಲಿ ಸಿಗುತ್ತದೆ. ಡಿಸೆಂಬರ್‌ನಲ್ಲಿ ಬರುವಾಗ ತರುತ್ತೇನೆ. ಹಾಳೆಯನ್ನು ಬಲಕ್ಕೆ ತಿರುಗಿಸಿಟ್ಟು, ಕೈಯನ್ನು ಸಾಲಿನ ಕೆಳಗೆ ಇಟ್ಟು ಬರೆದು ನೋಡು. ಒರೆಸುವುದು ನಿಲ್ಲುತ್ತದೆ.

ದೊಡ್ಡಪ್ಪ: ಎಲ್ಲರೂ ತಮ್ಮ ತಮ್ಮ ಅನುಕೂಲ ಹೇಳಿದಿರಿ. ನಾನು ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಸಂವಿಧಾನದ ಮೂಲ ಪ್ರತಿಯನ್ನು ಕೈಯಲ್ಲಿ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಅಷ್ಟು ಪುಟಗಳಲ್ಲಿ ಕೈ ಒಂದೇ ಹದದಲ್ಲಿ ನಡೆದಿದೆ. ಹಿಂದಿ ಪ್ರತಿಯನ್ನು ವಸಂತ ಕೃಷ್ಣ ವೈದ್ಯರು ಬರೆದರು. ಈ ಶಿಸ್ತನ್ನು ಅಕ್ಷರ ಎನ್ನುವುದು.

ನಾನು: ಆ ಪುಟಗಳನ್ನು ನೋಡಿದಾಗ ನನಗೂ ಮಾತು ಹೊರಡಲಿಲ್ಲ, ದೊಡ್ಡಪ್ಪ. ಆದರೆ ಅವರು ಬರೆದದ್ದು ಇಂಕಿನಲ್ಲಿ ಅದ್ದಿ ಬರೆಯುವ ನಿಬ್ಬಿನಲ್ಲಿ, ಇಳಿಜಾರು ಇಟಾಲಿಕ್ ಅಕ್ಷರದಲ್ಲಿ. ವಾಲಿದ ಅಕ್ಷರವೇ! ಅವರು ಸಂಭಾವನೆ ಬೇಡವೆಂದರು. ಬದಲಿಗೆ ಪ್ರತಿ ಪುಟದಲ್ಲೂ ತಮ್ಮ ಹೆಸರು, ಕೊನೆಯ ಪುಟದಲ್ಲಿ ತಮಗೆ ಅಕ್ಷರ ಕಲಿಸಿದ ಅಜ್ಜನ ಹೆಸರು ಇರಬೇಕೆಂದು ಕೇಳಿಕೊಂಡರು. ಅಷ್ಟು ಶಿಸ್ತಿನ ಕೈಗೂ ಇದು ನಾನು ಬರೆದದ್ದು, ಇದು ನನಗೆ ಇಂಥವರಿಂದ ಬಂದದ್ದು ಎಂದು ಹೇಳಬೇಕೆನಿಸಿತು. ನನಗೂ ಅಷ್ಟೇ ಬೇಕಿರುವುದು. ಅಜ್ಜಿಯ ಅಳತೆ ನನ್ನ ಕೈಯಿಂದ ಹೋಯಿತು ಎಂದು ಹಾಳೆ ನೋಡಿದವರಿಗೆ ತಿಳಿಯಬೇಕು. ಅಚ್ಚಿನ ಹಾಗೆಯೇ ಇರಬೇಕಾದರೆ ಟೈಪ್ ಮಾಡಿ ಇಲ್ಲೇ ಹಾಕುತ್ತಿದ್ದೆ.

ಅತ್ತೆ: ಪುಟ್ಟಿ ಹೇಳುವುದರಲ್ಲಿ ಹುರುಳಿದೆ. ಆದರೂ ಅಣ್ಣಯ್ಯನ ಪರವಾಗಿ ಒಂದು ಮಾತು ಹೇಳಬೇಕು. ಹಳೆಯ ಶಾನುಭೋಗರ ಮೋಡಿ ಬರಹದ ಕಾಗದಗಳನ್ನು ಹಿಡಿದು ಜನ ಕಚೇರಿಗೆ ಬರುತ್ತಿದ್ದರು. ಅವರ ಸ್ವಂತ ತೋಟದ ಕಾಗದ, ಅವರ ಮುತ್ತಜ್ಜನ ಹೆಸರು ಅದರಲ್ಲೇ ಇರುತ್ತಿತ್ತು, ಓದಲು ಮನೆಯವರಿಗೆ ಬರುತ್ತಿರಲಿಲ್ಲ. ಅಕ್ಷರಕ್ಕೆ ಅಕ್ಷರ ಕೂಡಿಸಿ, ಪೆನ್ನು ಎತ್ತದೆ ಎಳೆದಿರುತ್ತಿದ್ದರು. ಓದಿಸಲು ಬಲ್ಲವರನ್ನು ಹುಡುಕಿಕೊಂಡು ಊರೂರು ಅಲೆಯಬೇಕಿತ್ತು. ಒಬ್ಬ ಮುದುಕರು ಕಾಗದವನ್ನು ಮೇಜಿನ ಮೇಲಿಟ್ಟು ಅತ್ತದ್ದನ್ನು ನೋಡಿದ್ದೇನೆ.

ದೊಡ್ಡಪ್ಪ: ಕೇಳಿದೆಯಾ ಮಗಳೇ?

ನಾನು: ಕೇಳಿದೆ. ಈ ಮಾತು ತಾಗಿತು. ಆದರೆ ಅತ್ತೆ, ಮೋಡಿ ಒಬ್ಬರ ಕೈಬರಹ ಅಲ್ಲವಲ್ಲ. ಅದು ಒಂದು ವೃತ್ತಿಯವರೆಲ್ಲ ಕಲಿತು ಬರೆಯುತ್ತಿದ್ದ ಬರಹ. ಅದನ್ನು ಕಲಿಸುವುದು ನಿಂತಿತು, ಓದುವವರು ಇಲ್ಲವಾದರು. ಎಲ್ಲರೂ ಒಂದೇ ಮಾದರಿಯಲ್ಲಿ ಬರೆದರೂ ಆ ಮಾದರಿ ಮರೆತುಹೋಗಬಹುದು. ಉಳಿಯಬೇಕಾದರೆ ಒಬ್ಬರ ಅಕ್ಷರವನ್ನು ಇನ್ನೊಬ್ಬರು ಓದುತ್ತಿರಬೇಕು, ಇಲ್ಲಿ ಅರ್ಥವಾಗಲಿಲ್ಲ ಎಂದು ಹೇಳುತ್ತಿರಬೇಕು, ಈ ಹೊತ್ತು ನೀವೆಲ್ಲ ಹೇಳಿದ ಹಾಗೆ. ನಾನು ಹಾಳೆಯನ್ನು ಇಲ್ಲಿ ಹಾಕಿದ್ದು ಮೆಚ್ಚುಗೆಗೆ ಮಾತ್ರ ಅಲ್ಲ.

ದೊಡ್ಡಪ್ಪ: ಈ ಮಾತಿಗೆ ಉತ್ತರ ಯೋಚಿಸಿ ಹೇಳುತ್ತೇನೆ. ಈಗ ಸಂಜೆಯ ಪೂಜೆಗೆ ಹೊತ್ತಾಯಿತು.

ಅಣ್ಣ: ಅಷ್ಟರಲ್ಲಿ ಒಂದು ವಿಚಾರ. ಅಜ್ಜನ ಪೆನ್ನು ಯಾರ ಬಳಿ ಇದೆ? ಬರೆಯಲು ಕೊಡುತ್ತೀರಾ?

ಅತ್ತೆ: ಇಂಕ್ ಪೆನ್ನನ್ನು ಬೇರೆಯವರ ಕೈಗೆ ಕೊಡಬಾರದು, ನಿಬ್ಬು ಕೆಡುತ್ತದೆ ಎನ್ನುತ್ತಿದ್ದರು.

ಚಿಕ್ಕಪ್ಪ: ತುದಿಯಲ್ಲಿರುವುದು ಬಹಳ ಗಟ್ಟಿ ಲೋಹ, ಅಷ್ಟು ಸುಲಭವಾಗಿ ಸವೆಯುವುದಿಲ್ಲ. ಬಾಲ್ ಪೆನ್ನಿನ ಅಭ್ಯಾಸದಲ್ಲಿ ಒತ್ತಿದರೆ ನಿಬ್ಬಿನ ಸೀಳಿನ ಎರಡು ಬದಿಗಳೂ ಅಗಲಿಹೋಗುತ್ತವೆ, ಕೆಡುವುದು ಹಾಗೆ. ಚಿತ್ರ ಬರೆಯುವವರು ಬಳಸುವ, ಇಂಡಿಯನ್ ಇಂಕ್ ಎನ್ನುವ ಕಪ್ಪು ಇಂಕ್ ಮಾತ್ರ ತಪ್ಪಿಯೂ ಹಾಕಬೇಡ, ಒಳಗೆ ಅರಗಿನಂತೆ ಒಣಗಿ ಕೂರುತ್ತದೆ. ಮೊದಲು ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಸಿ ತೊಳೆ.

ನಾನು: ಅತ್ತೆ, ನೀವು ಕಚೇರಿಯವರಾದ್ದರಿಂದ ಕೇಳುತ್ತೇನೆ. ನನ್ನದು ನೀರಿಗೆ ಕರಗುವ ನೀಲಿ ಇಂಕ್. ಅಡುಗೆಮನೆಯ ಹಾಳೆಗೆ ಅದು ಬೇಡ ಅಲ್ಲವೇ?

ಅತ್ತೆ: ಬೇಡವೇ ಬೇಡ. ಒದ್ದೆ ಕೈ ತಾಗಿದರೆ ಮೂರೂ ಇಲ್ಲ, ಆರೂ ಇಲ್ಲ. ನೀರಿಗೆ ಹೋಗದ ಕಪ್ಪು ಇಂಕ್ ಬಳಸು.

ಚಿಕ್ಕಪ್ಪ: ಇಂಗ್ಲೆಂಡಿನಲ್ಲಿ ಮದುವೆ ನೋಂದಣಿ ಪುಸ್ತಕಕ್ಕೆ ಕಬ್ಬಿಣದ ಉಪ್ಪು ಸೇರಿಸಿ ಮಾಡಿದ ಇಂಕನ್ನೇ ಬಳಸುತ್ತಿದ್ದರು. ಬರೆದ ಮೇಲೆ ಗಾಳಿಗೆ ಕಪ್ಪಾಗಿ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಅದನ್ನು ಪೆನ್ನಿನಲ್ಲಿ ವಾರಗಟ್ಟಲೆ ಬಿಡಬಾರದು. ನಿನಗೆ ನೀರಿಗೆ ಕರಗದ ಬಣ್ಣದ ಪುಡಿ ಸೇರಿಸಿದ ಪಿಗ್ಮೆಂಟ್ ಇಂಕ್ ಸಾಕು, ದಿನವೂ ಬರೆಯುತ್ತಿರು, ಒಣಗಲು ಬಿಡಬೇಡ.

ದೊಡ್ಡಪ್ಪ: ಯೋಚಿಸಿದೆ. ಒಬ್ಬರದನ್ನು ಒಬ್ಬರು ಓದುತ್ತಿರಬೇಕು ಎಂದೆಯಲ್ಲ, ಅದು ಸರಿ. ಆದರೆ ಓದುವವರು ನಾವು ಈ ಗುಂಪಿನಲ್ಲಿ ಇರುವವರು ಮಾತ್ರ ಅಲ್ಲ. ನಿನ್ನ ಮೊಮ್ಮಗಳಿಗೆ ನಿನ್ನ "ವು" ಹೀಗೆ ಎಂದು ಹೇಳಿಕೊಡಲು ಆಗ ಯಾರೂ ಇರುವುದಿಲ್ಲ. ಅವಳಿಗೆ ಗೊತ್ತಿರುವುದು ಅಚ್ಚಿನ ಅಕ್ಷರ ಒಂದೇ. ಆದ್ದರಿಂದ ತಲೆಕಟ್ಟಿನ ವಿಷಯದಲ್ಲಿ ನಾನು ಬಿಡುವುದಿಲ್ಲ. ವಾಲುವುದರ ಬಗ್ಗೆ ತಕರಾರು ಬಿಟ್ಟಿದ್ದೇನೆ.

ನಾನು: ತಲೆಕಟ್ಟು ಇದೆ ದೊಡ್ಡಪ್ಪ, ಪಕ್ಕದ ಅಕ್ಷರಕ್ಕೆ ಕೂಡಿಕೊಂಡಿದೆ ಅಷ್ಟೇ. ಬಿಡಿಸಿದರೆ ಕೈಯ ಓಟ ನಿಲ್ಲುತ್ತದೆ. ನಾನೂ ಬಿಡುವುದಿಲ್ಲ.

ದೊಡ್ಡಪ್ಪ: ಸರಿ, ಪರೀಕ್ಷೆ ಆಗಲಿ. ಎಲ್ಲರೂ ಒಂದೇ ವಾಕ್ಯವನ್ನು ಬರೆದು ಕಳುಹಿಸಿ. "ರಾಷ್ಟ್ರದ ಸ್ತ್ರೀಯರು ಸೂರ್ಯೋದಯಕ್ಕೆ ಮಾವು, ಥಂಡಿ ನೀರು, ೩೬ ಹಣ್ಣು ತಂದರು." ಅರ್ಥ ಹುಡುಕಬೇಡಿ, ತೊಡಕಿನ ಅಕ್ಷರಗಳೆಲ್ಲ ಅದರಲ್ಲಿವೆ. ನನ್ನ ಬಳಿ ಪಾಠಕ್ಕೆ ಬರುವ ಐದನೆಯ ತರಗತಿಯ ಮಕ್ಕಳ ಮುಂದೆ ಇಡುತ್ತೇನೆ. ಅವರು ತಡವರಿಸದೆ ಓದಿದರೆ ಕೂಡಿಸಿದ ತಲೆಕಟ್ಟನ್ನೂ ಒಪ್ಪುತ್ತೇನೆ. ಫೋಟೋ ಬೇಡ, ಕಾಗದವನ್ನೇ ಅಂಚೆಗೆ ಹಾಕಿ. ಎಲ್ಲಿ ಒತ್ತಿದ್ದೀರಿ ಎಂದು ಹಿಂಬದಿ ಸವರಿ ನೋಡಬೇಕು.

ನಾನು: ಒಪ್ಪಿದೆ. ಗೆರೆ ಇರುವ ಹಾಳೆಯೋ ಇಲ್ಲದ್ದೋ?

ದೊಡ್ಡಪ್ಪ: ಎರಡು ಗೆರೆಯದು.

ನಾನು: ಗೆರೆ ಇಲ್ಲದ್ದು, ದೊಡ್ಡಪ್ಪ.

ಅತ್ತೆ: ಎರಡರಲ್ಲೂ ಬರೆದು ಒಂದೇ ಲಕೋಟೆಯಲ್ಲಿ ಹಾಕಿ. ಲಕೋಟೆಯ ಮೇಲಿನ ವಿಳಾಸವನ್ನು ಮಾತ್ರ ಬಿಡಿ ಅಕ್ಷರದಲ್ಲಿ ಬರೆಯಿರಿ. ಅಂಚೆಯವರಿಗೆ ನಮ್ಮ ಪರೀಕ್ಷೆ ಬೇಡ.