ಡಿಫ್ರ್ಯಾಗ್ ಮಾಡೋದಕ್ಕೆ ಕನ್ನಡದಲ್ಲಿ ಏನನ್ನೋಣ?

ತೀರ್ಥಹಳ್ಳಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಹಳೇ ಹಾರ್ಡ್ ಡಿಸ್ಕಿನ ಮಷೀನುಗಳು ಈಗಲೂ ಬರುತ್ತವೆ. ಮೊನ್ನೆ ಅಡಿಕೆ ವ್ಯಾಪಾರದ ಒಬ್ಬರಿಗೆ “ಡಿಸ್ಕ್ ಕ್ಲೀನ್ ಮಾಡಿ ಕೊಡ್ತೀನಿ” ಅಂದೆ. ಸಂಜೆ ಗಾಬರಿಯಿಂದ ಬಂದರು. “ಮಾರಾಯ್ರೆ, ರಾಶಿ, ಬೆಟ್ಟೆ ಅಡಿಕೆ ಲೆಕ್ಕ ಎಲ್ಲ ಅಳಿಸಿಬಿಟ್ರಾ?” ತಪ್ಪು ನನ್ನದೇ. ನಾನು ಮಾಡಿದ್ದು ಡಿಫ್ರ್ಯಾಗ್, ಅಂದರೆ ಡಿಸ್ಕಿನಲ್ಲಿ ಚೂರಾಗಿ ಅಲ್ಲಲ್ಲಿ ಹರಡಿದ ಫೈಲುಗಳನ್ನು ಒಂದೇ ಕಡೆ ತಂದಿಡುವುದು. ಅದರಲ್ಲಿ ಒಂದು ಫೈಲೂ ಅಳಿಯುವುದಿಲ್ಲ, ಇರುವ ಜಾಗ ಬದಲಾಗುತ್ತದೆ ಅಷ್ಟೆ.

ಹಾಗಾದರೆ ಏನನ್ನಬೇಕಿತ್ತು? ‘ವಿಖಂಡನೆ’ ಅನ್ನಿ ಅಂತ ಗೆಳೆಯರೊಬ್ಬರ ಸಲಹೆ. ನನ್ನ ಕಿವಿಗೆ ಅದು ಇನ್ನಷ್ಟು ಚೂರು ಮಾಡಿದ ಹಾಗೆ ಕೇಳುತ್ತದೆ. ‘ಓರಣ ಮಾಡು’ ಚೆನ್ನಾಗಿದೆ, ಆದರೆ ಐಕಾನ್ ಸಾಲಾಗಿ ಇಡುವುದಕ್ಕೂ ಅದೇ ಮಾತು ಬರುತ್ತದೆ. ‘ಕೂಡಿಸು’ ಅಂದರೆ ಮಂಡಿಯವರು ಮೊತ್ತ ಎಷ್ಟು ಅಂತ ಕೇಳುತ್ತಾರೆ!

ಚೂರಾಗುವುದಕ್ಕೆ ಮಾತ್ರ ನಮ್ಮಲ್ಲಿ ಒಳ್ಳೇ ಮಾತಿದೆ: ಹರಿದು ಹಂಚಿಹೋಗು. ಒಂದೇ ಕಡೆ ಜಾಗ ಸಿಗದಿದ್ದರೆ ಕಂಪ್ಯೂಟರು ಫೈಲನ್ನು ಚೂರು ಮಾಡಿ, ಖಾಲಿ ಇದ್ದಲ್ಲೆಲ್ಲ ತುರುಕುತ್ತದೆ. ಡಿಸ್ಕಿನ ತಟ್ಟೆ ನಿಮಿಷಕ್ಕೆ 5,400 ಇಲ್ಲವೇ 7,200 ಸುತ್ತು ತಿರುಗಿದರೂ, ಓದುವ ಹೆಡ್ ಚೂರಿಂದ ಚೂರಿಗೆ ಓಡಾಡುವಷ್ಟರಲ್ಲಿ ತಡವಾಗುತ್ತದೆ. ವಿಂಡೋಸ್ 95ರಲ್ಲಿ ಬಣ್ಣದ ಚೌಕಗಳು ಒಂದೊಂದಾಗಿ ಸರಿದು ಕೂರುವುದನ್ನು ನೋಡುತ್ತಾ ಎಷ್ಟು ಹೊತ್ತು ಕಳೆದಿದ್ದೇನೋ. (ಚಿಪ್‌ಗಳಲ್ಲಿ ಫೈಲು ಇಡುವ ಹೊಸ ಬಗೆಯ ಡಿಸ್ಕು ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ. ಅದಕ್ಕೆ ಡಿಫ್ರ್ಯಾಗ್ ಮಾಡಿದರೆ ಸುಮ್ನೆ ಸವೆತ.)

ಇಷ್ಟನ್ನೂ ಆ ಗಿರಾಕಿಗೆ ಹೇಳಿದೆ. ಅವರು ತಲೆಯಾಡಿಸಿ, “ಹಿಸ್ಸೆ ಆದಾಗ ನನಗೆ ಹೊಳೆಯಾಚೆ ಒಂದು ಗದ್ದೆ, ಗುಡ್ಡದ ಬುಡದಲ್ಲಿ ಒಂದು ಬಂದಿತ್ತು. ತಮ್ಮನ ಹತ್ರ ಅದಲುಬದಲು ಮಾಡ್ಕೊಂಡು ಎಲ್ಲ ಮನೆ ಹತ್ರಾನೇ ಮಾಡ್ಕೊಂಡೆ. ಹಾಗೇ ಅಲ್ವಾ ಇದು?” ಅಂದರು. ಹಾಗೇ! ಗದ್ದೆ ಒಂದಿಂಚೂ ಕಮ್ಮಿ ಆಗಲಿಲ್ಲ, ಜಾಸ್ತಿಯೂ ಆಗಲಿಲ್ಲ. ಓಡಾಟ ತಪ್ಪಿತು.

ಸದ್ಯಕ್ಕೆ ನಾನು ‘ಚೂರು ಒಗ್ಗೂಡಿಸು’ ಅಂತ ಬಿಲ್ಲಿನಲ್ಲಿ ಬರೆಯುತ್ತಿದ್ದೇನೆ. ಬರೆಯೋಕೆ ಪರವಾಗಿಲ್ಲ, ಬಾಯಲ್ಲಿ ಆಡೋಕೆ ಉದ್ದ. ಸಾಗರ, ಸೊರಬ, ಹೊಸನಗರದ ಕಡೆಯವರನ್ನು ಕೇಳಬೇಕಾದ್ದು ಇಷ್ಟೇ: ಹೀಗೆ ಗದ್ದೆ ಅದಲುಬದಲು ಮಾಡಿ ಒಂದೇ ಕಡೆ ತಂದುಕೊಳ್ಳುವುದಕ್ಕೆ ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಒಂದೇ ಪದದ ಮಾತು ಇದೆಯಾ? ಇದ್ದರೆ ಬಿಲ್ಲಿಗೆ ಅದನ್ನೇ ಎತ್ತಿಕೊಳ್ಳುತ್ತೇನೆ.