ಸಹಾಯ ಬೇಕು: ಕುರ್ತಾ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಆಗ್ತಿಲ್ಲ

ಶಿರಸಿ ಕಡೆ ಮಷಿನ್ ಎಂಬ್ರಾಯ್ಡರಿ ಮಾಡುವವರು ಯಾರಾದರೂ ಇದ್ದೀರಾ? ಬಿಳಿ ಕಾಟನ್ ಕುರ್ತಾದ ಬೆನ್ನಿಗೆ ಕ್ಯೂಆರ್ ಕೋಡ್. 25×25 ಚೌಕ, ಒಂದೊಂದು 3 ಮಿ.ಮೀ.; ಸುತ್ತ ನಾಲ್ಕು ಚೌಕದಷ್ಟು ಖಾಲಿ ಅಂಚು ಬಿಟ್ಟಿದೆ. ಎರರ್ ಕರೆಕ್ಷನ್ ಎಚ್, ಅಂದರೆ ಸುಮಾರು 30% ಹಾಳಾದರೂ ಓದಬೇಕು. ಲಿಂಕ್ ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿದೆ: ಹಾಗಾದರೆ 20 ಅಕ್ಷರ ಹಿಡಿಯುತ್ತದೆ, ಸಣ್ಣಕ್ಷರವಾದರೆ 14 ಅಷ್ಟೇ.

ಫ್ರೇಮಿನಲ್ಲಿದ್ದಾಗ ಓದುತ್ತದೆ, ಬಿಚ್ಚಿದ ಮೇಲೆ ಇಲ್ಲ. ಹೊಲಿಗೆಯ ದಿಕ್ಕಿಗೆ ಬಟ್ಟೆ ಎಳೆದುಕೊಂಡು ಮೂಲೆಯ ಮೂರು ದೊಡ್ಡ ಚೌಕಗಳು ಆಯತವಾಗಿವೆ. ಮೇಲಿಂದ ರೇಯಾನ್ ದಾರದ ಹೊಳಪು. ಬಿಸಿಲಲ್ಲಿ ಕಪ್ಪೇ ಬಿಳಿ ಕಾಣ್ತದೆ.

ಪುಲ್ ಕಾಂಪನ್ಸೇಶನ್ (ಬಟ್ಟೆ ಎಳೆದುಕೊಳ್ಳುವುದನ್ನು ಸರಿದೂಗಿಸಲು ಹೊಲಿಗೆಯನ್ನು ಮೊದಲೇ ತುಸು ಉದ್ದ ಮಾಡುವುದು) 0.3 ಮಿ.ಮೀ. ಸಾಕಾ? ಬಟ್ಟೆಯ ಹಿಂಬದಿಗೆ ಆಧಾರವಾಗಿ ಇಡುವ ಕಟ್ ಅವೇ ಪೇಪರ್ ಒಂದು ಪದರವೋ ಎರಡೋ? ಹೊಳಪಿಲ್ಲದ ಪಾಲಿಯೆಸ್ಟರ್ ದಾರ ಕಾರವಾರದಲ್ಲಿ ಸಿಗ್ತದಾ, ಹುಬ್ಬಳ್ಳಿಗೇ ಹೋಗಬೇಕಾ? ಸ್ಕ್ರೀನ್ ಪ್ರಿಂಟ್ ಮಾಡಿಸಿ ಅನ್ನಬೇಡಿ ಮಾರಾಯ್ರೇ, ದಾರದಲ್ಲೇ ಬೇಕು.